ಲಗ್ನದ ರೊಕ್ಕ ನಮ್ಮೂರಾಗ ಉಳೀಲಿ

ಐಹೊಳೆ, ಅಮೀನಗಡ, ಹುನಗುಂದ, ಇಳಕಲ್, ಗುಳೇದಗುಡ್ಡ, ಬಾದಾಮಿ, ಬಾಗಲಕೋಟೆ ಸೀಮೆಯಲ್ಲಿ ಮಕ್ಕಳ ಲಗ್ನ ಗೊತ್ತು ಮಾಡಿಕೊಂಡಿರುವ ಎಲ್ಲ ಮನೆಗಳ ಹಿರಿಯರಿಗೆ, ತಾಯಂದಿರಿಗೆ, ಮದುಮಕ್ಕಳಿಗೆ ಈ ಹಾಳೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ರಾತ್ರಿಯ ರಿಸೆಪ್ಶನ್ ಬಿಡಿ. ಡಿಜೆ ಬಿಡಿ. ಬಡ್ಡಿ ಸಾಲ ತಂದು ಲಗ್ನ ಮಾಡುವುದನ್ನು ಬಿಡಿ. ಒಂದೇ ದಿನದಲ್ಲಿ ಅಕ್ಕಿಕಾಳು ಬೀಳಲಿ, ಬಂದವರು ಹೊಟ್ಟೆ ತುಂಬ ಒಂದು ಊಟ ಉಂಡು ಹರಸಿ ಹೋಗಲಿ. ಕೈಯಲ್ಲಿರುವ ರೊಕ್ಕ ಖರ್ಚು ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಅದು ಇಳಕಲ್ಲಿನ ಮಗ್ಗಕ್ಕೆ, ಗುಳೇದಗುಡ್ಡದ ಖಣಕ್ಕೆ, ಅಮೀನಗಡದ ಕರದಂಟಿಗೆ, ಓಣಿಯಲ್ಲಿ ರೊಟ್ಟಿ ಬಡಿಯುವ ಅಕ್ಕಂದಿರಿಗೆ, ಕರಡಿ ಮಜಲಿನ ಮೇಳದವರಿಗೆ ಹೋಗಲಿ ಎಂಬುದಷ್ಟೇ ನನ್ನ ವಿನಂತಿ. ನಮ್ಮವರ ಕೈ ಸೇರಿದ ರೊಕ್ಕ ನಾಳೆ ನಮ್ಮದೇ ಸಂತೆಗೆ ತಿರುಗಿ ಬರುತ್ತದೆ.

ಮೊದಲು ಸಾಲದ ಲೆಕ್ಕ. ಎರಡು ಲಕ್ಷ ರೂಪಾಯಿ ಸಾಲ, ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ ಎಂದು ಹಿಡಿಯಿರಿ. ತಿಂಗಳಿಗೆ 6,000 ರೂಪಾಯಿ, ವರ್ಷಕ್ಕೆ 72,000. ಮೂರು ವರ್ಷ ಬಡ್ಡಿಯನ್ನಷ್ಟೇ ಕಟ್ಟಿದರೆ 2,16,000 ರೂಪಾಯಿ ಹೋಗಿರುತ್ತದೆ, ಅಸಲು ಎರಡು ಲಕ್ಷ ಹಾಗೆಯೇ ನಿಂತಿರುತ್ತದೆ. ಅಷ್ಟರಲ್ಲಿ ಮಗಳಿಗೆ ಒಂದು ಕೂಸು ಹುಟ್ಟಿ ನಡೆದಾಡುತ್ತಿರುತ್ತದೆ, ಲಗ್ನದ ಊಟ ಯಾರ ನಾಲಿಗೆಯಲ್ಲೂ ಉಳಿದಿರುವುದಿಲ್ಲ. ಮಳೆ ನಂಬಿದ ಎರಿ ಹೊಲದಲ್ಲಿ ಜೋಳ, ಕಡಲಿ ಬೆಳೆಯುವ ಮನೆ ಈ ಬಡ್ಡಿಯನ್ನು ಎಲ್ಲಿಂದ ತರಬೇಕು? 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಐಹೊಳೆ, ಪಟ್ಟದಕಲ್ಲಿಗೆ ನೀರು ಹೊಕ್ಕಿದ್ದನ್ನು ನಾವು ಕಂಡಿದ್ದೇವೆ. ಅಂಥ ವರ್ಷ ಮನೆಯ ಮೇಲೆ ಲಗ್ನದ ಸಾಲವೂ ಇದ್ದರೆ ಉಳಿಯುವುದು ಎರಡೇ ದಾರಿ: ಹೊಲ ಒತ್ತಿ ಹಾಕುವುದು, ಇಲ್ಲವೇ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗುವುದು. ಯಾವ ಯಾವ ಮನೆಗೆ ಏಕೆ ಬೀಗ ಬಿದ್ದಿದೆ ಎಂದು ಪ್ರತಿ ಊರಿನವರಿಗೂ ಗೊತ್ತಿದೆ.

ಇನ್ನು ರಿಸೆಪ್ಶನ್. ನಮ್ಮ ಹಳ್ಳಿಗಳ ಹಳೆಯ ಲಗ್ನದಲ್ಲಿ ಈ ಕಾರ್ಯವೇ ಇರಲಿಲ್ಲ. ಹಂದರ ಹಾಕುವುದು, ದೇವಕಾರ್ಯ, ಅರಿಷಿಣ ಹಚ್ಚುವುದು, ಕುಂಬಾರರ ಮನೆಯಿಂದ ಐರಾಣಿ ತರುವುದು, ಸುರಗಿ ಸುತ್ತುವುದು, ಅಕ್ಕಿಕಾಳು, ಊಟ, ಕೊನೆಗೆ ಉಡಿ ತುಂಬಿ ಕಳಿಸುವುದು. ಇವುಗಳಲ್ಲಿ ಒಂದೊಂದಕ್ಕೂ ಕೈ ಹಚ್ಚುವ ಜನ ಬೇಕು. ಅತ್ತಿ, ಚಿಗವ್ವ, ಸೋದರಮಾವ, ಕುಂಬಾರರು, ಬಳಿಗಾರರು, ಹಲಗಿಯವರು, ಒಬ್ಬೊಬ್ಬರಿಗೂ ಅವರವರ ಜಾಗ ಇದೆ, ಅವರವರ ಮಾನ ಇದೆ. ರಿಸೆಪ್ಶನ್ನಿನಲ್ಲಿ ಬಂದವರಿಗೆ ಇರುವುದು ಸಾಲಿನಲ್ಲಿ ನಿಂತು, ಮೇಲೆ ಹತ್ತಿ, ಫೋಟೋ ತೆಗೆಸಿಕೊಂಡು ಇಳಿಯುವ ಕೆಲಸ ಮಾತ್ರ. ಮದುಮಕ್ಕಳು ತಾಸುಗಟ್ಟಲೆ ನಿಂತೇ ಇರುತ್ತಾರೆ. ನಸುಕಿನಲ್ಲಿ ಸುರಗಿಗೆ ಕೂರಿಸಿದಾಗ ಹುಡುಗಿಯ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿರುತ್ತವೆ. ಆ ಒಂದು ರಾತ್ರಿಗಾಗಿ ವೇದಿಕೆಯ ಅಲಂಕಾರ, ಎಲ್‌ಇಡಿ ಪರದೆ, ಡ್ರೋನ್ ಕ್ಯಾಮೆರಾ, ಮತ್ತೊಂದು ಹೊತ್ತಿನ ಊಟ. ಲಗ್ನದ ಖರ್ಚು ನಮ್ಮ ಕೈ ಮೀರುವುದು ಇಲ್ಲಿಯೇ. ಈ ಒಂದನ್ನು ಬಿಟ್ಟರೆ ಎಷ್ಟೋ ಮನೆಗಳಿಗೆ ಸಾಲದ ಮಾತೇ ಬರುವುದಿಲ್ಲ.

ಡಿಜೆಯ ಬಗ್ಗೆ ಎರಡು ಮಾತು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಚ್ಚುವುದನ್ನು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ತಡೆಯುತ್ತವೆ. ಆದರೆ ನನ್ನ ಸಂಕಟ ಕಾನೂನಿನದಷ್ಟೇ ಅಲ್ಲ. ಡಿಜೆ ಶುರುವಾದ ಕೂಡಲೇ ಸೋಬಾನೆ ಪದ ಹಾಡುವ ಮುದುಕಿಯರು ಬಾಯಿ ಮುಚ್ಚಿ ಎದ್ದು ಹೋಗುತ್ತಾರೆ. ಆ ಪದಗಳು ಅವರ ಬಾಯಲ್ಲಿ ಮಾತ್ರ ಇವೆ. ಹೊಸ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿ ಹೇಳುವುದನ್ನು ಕೇಳಬೇಕೆಂದರೂ ಸುತ್ತ ಸದ್ದು ಅಡಗಿರಬೇಕು.

ಖರ್ಚು ಎಲ್ಲಿ ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಇಳಕಲ್ ಸೀರೆಯ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೊಂಡಿ ಹಾಕಿದ ಮೇಲೆಯೇ ನೇಯ್ಗೆ ಶುರುವಾಗುತ್ತದೆ. ಆದ್ದರಿಂದ ಒಂದೊಂದು ಸೀರೆಗೂ ಬೇರೆಯೇ ಹಾಸು ಸಿದ್ಧ ಮಾಡಬೇಕು. ನೂಲು ಸುತ್ತುವುದು, ಹಾಸು ಹೂಡುವುದು, ಕೊಂಡಿ ಹಾಕುವುದು, ಇದರಲ್ಲೆಲ್ಲ ನೇಕಾರರ ಮನೆಯ ಹೆಣ್ಣುಮಕ್ಕಳ ದುಡಿಮೆ ಇದೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪು ತೆನಿ, ಗೋಮಿ ದಡಿ, ಗಾಡಿ ದಡಿ, ದಾಳಿಂಬದ ಬಣ್ಣ, ನವಿಲ ಕೊರಳಿನ ಬಣ್ಣ. ಈ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಇಷ್ಟಿದ್ದೂ ಲಗ್ನದ ಜವಳಿಗೆ ನಮ್ಮವರು ದೂರದ ಶಹರಗಳಿಗೆ ಗಾಡಿ ಮಾಡಿಕೊಂಡು ಹೋಗಿ ಯಂತ್ರಮಗ್ಗದ ಪಾಲಿಸ್ಟರ್ ಸೀರೆಗಳ ಗಂಟು ಹೊತ್ತು ತರುತ್ತಾರೆ. ಬೀಗರಿಗೆ, ಓರಗಿತ್ತಿಯರಿಗೆ, ನೆರೆಯವರಿಗೆ ಅಂತ ಇಪ್ಪತ್ತು ಅಗ್ಗದ ಸೀರೆ ತರುವುದಕ್ಕಿಂತ ತೀರ ಹತ್ತಿರದವರಿಗೆ ನಾಲ್ಕು ಕೈಮಗ್ಗದ ಸೀರೆ ಕೊಡಿ. ಲಗ್ನ ಗೊತ್ತಾದ ವಾರದಲ್ಲೇ ನೇಕಾರರಿಗೆ ಹೇಳಿ ಇಡಿ, ಕೈಮಗ್ಗಕ್ಕೆ ದಿನ ಬೇಕು. ಕೊಳ್ಳುವಾಗ ಸೆರಗು ಮತ್ತು ಒಡಲು ಕೂಡುವ ಜಾಗವನ್ನು ತಿರುವಿ ಮುಟ್ಟಿ ನೋಡಿ, ಕೊಂಡಿಯ ಗುರುತು ಕೈಗೆ ಸಿಗಬೇಕು. ಉಡಿ ತುಂಬಲು ಗುಳೇದಗುಡ್ಡದ ಖಣವೇ ಇರಲಿ. ಮದುಮಗಳು ಇಳಕಲ್ ಸೀರೆಯನ್ನು ಮುಂದೆ ಪಂಚಮಿಗೂ, ಬನಶಂಕರಿ ಜಾತ್ರೆಗೂ ಉಡುತ್ತಾಳೆ. ಬಾಡಿಗೆ ತಂದ ಲೆಹೆಂಗಾ ಮರುದಿನವೇ ಅಂಗಡಿಗೆ ವಾಪಸು.

ಊಟವೂ ಹಾಗೆಯೇ. ಮಾದಲಿ ಇಲ್ಲವೇ ಗೋಧಿ ಹುಗ್ಗಿ, ಕಟಕ ರೊಟ್ಟಿ, ಎಣ್ಣಿಗಾಯಿ, ಕಾಳು ಪಲ್ಯ, ಸೇಂಗಾ ಹಿಂಡಿ, ಅನ್ನ, ಸಾರು, ಮಜ್ಜಿಗಿ. ಇದಕ್ಕಿಂತ ದೊಡ್ಡ ಊಟ ನಮ್ಮ ನಾಡಿನಲ್ಲಿ ಇಲ್ಲ. ಕಟಕ ರೊಟ್ಟಿ ವಾರದ ಮೊದಲೇ ಬಡಿದು ಇಡಬಹುದು, ಲಗ್ನದ ದಿನದ ಗಡಿಬಿಡಿ ಅರ್ಧ ಇಳಿಯುತ್ತದೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸೂ ಸೇರುತ್ತದೆ. ಗೋಬಿ ಮಂಚೂರಿ, ಚಾಟು, ಐಸ್‌ಕ್ರೀಮಿನ ಸಾಲು ಬೇಡ. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸು, ಥರ್ಮಕೋಲುಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಆದರೂ ಲಗ್ನದ ಮರುದಿನ ಹಳ್ಳದ ದಂಡೆಯಲ್ಲಿ ಅವುಗಳದೇ ರಾಶಿ. ಮುತ್ತಲ ಎಲೆಯ ಪತ್ರೋಳಿ ತನ್ನಿ. ಅದನ್ನು ಹಚ್ಚಿ ಬದುಕುವ ಮನೆಗಳೂ ಇವೆ.

ಆಯೇರಿಯನ್ನು ನಿಲ್ಲಿಸಿ. ಮುಯ್ಯಿಯನ್ನು ಉಳಿಸಿಕೊಳ್ಳಿ. ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಮುಯ್ಯಿ ಎಂದರೆ ಕಷ್ಟದ ಹೊತ್ತಿಗೆ ಊರು ಕೂಡಿ ಕೊಡುವ, ನಾಳೆ ಅವರ ಮನೆಯ ಕಾರ್ಯಕ್ಕೆ ನಾವು ತಿರುಗಿಸುವ ಬಡ್ಡಿಯಿಲ್ಲದ ನೆರವು. ವಹಿಯಲ್ಲಿ ಬರೆದಿಟ್ಟು ಮರಳಿಸುವ ಈ ಪದ್ಧತಿಯಿಂದ ಎಷ್ಟೋ ಲಗ್ನ ದಡ ಮುಟ್ಟಿವೆ. ಆಯೇರಿಯ ಕಥೆ ಬೇರೆ. ಯಾರಿಗೂ ಬೇಡದ ಟವೆಲ್ಲು, ಟೊಪ್ಪಿಗಿ, ಶರ್ಟಿನ ಬಟ್ಟೆ, ತೆಳ್ಳನೆಯ ಕುಬಸದ ಬಟ್ಟೆ ಒಂದು ಮನೆಯ ಟ್ರಂಕಿನಿಂದ ಇನ್ನೊಂದು ಮನೆಯ ಟ್ರಂಕಿಗೆ ಮಡಿಕೆ ಬಿಚ್ಚದೆ ತಿರುಗುತ್ತವೆ. ಅದಕ್ಕಾಗಿ ಹಂದರದಲ್ಲಿ ಒಂದು ತಾಸು ಹೆಸರು ಕೂಗುವುದು, ತನ್ನ ಹೆಸರು ಬಿಟ್ಟರೆಂದು ಅಣ್ಣತಮ್ಮಂದಿರು ಮುನಿಸಿಕೊಂಡು ಹೋಗುವುದು. ಲಗ್ನಪತ್ರಿಕೆಯಲ್ಲೇ ‘ಆಯೇರಿ ಇರುವುದಿಲ್ಲ’ ಎಂದು ಅಚ್ಚು ಹಾಕಿಸಿಬಿಡಿ. ಒಬ್ಬರು ಹಾಕಿಸಿದರೆ ಮುಂದಿನವರಿಗೆ ಧೈರ್ಯ ಬರುತ್ತದೆ.

ಹಂದರದ ಹಿಂದೆ ನಡೆಯುವ ಕುಡಿತದ ಬಗ್ಗೆ ಈ ಸೀಮೆಯಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ದುಡ್ಡಲ್ಲ, ಧಾನ್ಯವಲ್ಲ, ನಿಮ್ಮ ಚಟವನ್ನು ಭಿಕ್ಷೆ ಹಾಕಿ ಎಂದು ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅವರು ನಡೆದಾಡಿದ ಓಣಿಗಳಲ್ಲಿ ಮದುಮಗನ ಗೆಳೆಯರಿಗೆಂದು ಬಾಟಲಿಯ ಖರ್ಚನ್ನು ಹೆಣ್ಣಿನ ಅಪ್ಪನ ತಲೆಗೆ ಕಟ್ಟುವುದು ಸಲ್ಲದು.

ಸಾಮೂಹಿಕ ವಿವಾಹಕ್ಕೆ ಬಡವರು ಮಾತ್ರ ಹೋಗುತ್ತಾರೆ ಎಂಬ ಕೀಳರಿಮೆಯನ್ನು ಉಳ್ಳವರೇ ಮೊದಲು ಮುರಿಯಬೇಕು. ಧರ್ಮಸ್ಥಳದಲ್ಲಿ 1972ರಿಂದ ಅದು ನಡೆದು ಬಂದಿದೆ. ನಮ್ಮ ಮಠಗಳ ಜಾತ್ರೆಗಳಲ್ಲೂ ನಡೆಯುತ್ತದೆ. 2020ರಲ್ಲಿ ಸರ್ಕಾರ ಮುಜರಾಯಿ ದೇವಸ್ಥಾನಗಳಿಗಾಗಿ ‘ಸಪ್ತಪದಿ’ ಯೋಜನೆ ರೂಪಿಸಿದಾಗ ಹಾಕಿದ ಲೆಕ್ಕ ನೋಡಿ: 8 ಗ್ರಾಂ ಬಂಗಾರದ ತಾಳಿಗೆ 40,000 ರೂಪಾಯಿ, ವಧುವಿಗೆ 10,000, ವರನಿಗೆ 5,000, ಒಟ್ಟು 55,000. ಇಂದು ಆ ತೂಕದ ಬಂಗಾರಕ್ಕೇ ಎರಡು ಪಟ್ಟು ಮೀರಿ ರೊಕ್ಕ ಬೇಕು. ಬಂಗಾರದ ತೂಕದ ಮೇಲೆ ಸಂಬಂಧ ಕುದುರಿಸುತ್ತ ಹೋದರೆ ಕೂಲಿ ಮಾಡುವ ಮನೆಯ ಹೆಣ್ಣಿನ ಗತಿಯೇನು? ಸರಳ ಲಗ್ನಕ್ಕೆ ಸಾಮೂಹಿಕ ವಿವಾಹವೊಂದೇ ದಾರಿಯಲ್ಲ. ಸಾಹಿತಿ ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮುಗಿಸಿದರು. ಆಡಂಬರ ಇರಲಿಲ್ಲ. ಆ ದಾರಿಯಲ್ಲಿ ಇಂದಿಗೂ ಜನ ಲಗ್ನವಾಗುತ್ತಿದ್ದಾರೆ. ವಚನ ಓದಿ ಲಗ್ನ ಮಾಡುವ ಮನೆಗಳು ನಮ್ಮಲ್ಲೇ ಇವೆ. ನಮ್ಮ ಸೀಮೆಯದೇ ಆದ ಕೂಡಲಸಂಗಮ ನೆನೆಯಿರಿ. ಬಸವಣ್ಣನವರು ಕಲ್ಯಾಣದಿಂದ ಅಲ್ಲಿಗೆ ಮರಳಿದ್ದು ಒಂದು ಲಗ್ನದ ಬೆನ್ನಿಗೆ. ಹರಳಯ್ಯನವರ ಮಗ, ಮಧುವರಸರ ಮಗಳು. ಆ ಇಬ್ಬರು ತಂದೆಯರು ಜಾತಿ ಮೀರಿ ಬೀಗರಾದ ತಪ್ಪಿಗೆ ಪ್ರಾಣ ಕೊಟ್ಟರು. ಅಂಥ ಲಗ್ನದ ನೆನಪು ಹೊತ್ತ ನೆಲದಲ್ಲಿ ನಾವು ವೇದಿಕೆಯ ಹೂವಿನ ಬಣ್ಣಕ್ಕೆ ಜಗಳಾಡುವುದು ನನಗೆ ನೋವು ಕೊಡುತ್ತದೆ.

ಇಳಕಲ್, ಹುನಗುಂದದ ಮುಸ್ಲಿಂ ಬಾಂಧವರಿಗೂ ಇದೇ ಮಾತು. ನಿಕಾಹ್‌ನಲ್ಲಿ ಮೆಹರ್ ಗಂಡು ಹೆಣ್ಣಿಗೆ ಕೊಡಬೇಕಾದದ್ದು, ವಲೀಮಾ ಗಂಡಿನ ಮನೆಯದು. ಅದನ್ನು ತಿರುವಿ ಹೆಣ್ಣಿನ ಮನೆಯ ಮೇಲೆ ಭಾರ ಹೇರುವುದು ಅಲ್ಲಿಯೂ ನಿಲ್ಲಲಿ.

ಕಾನೂನಿನ ಮಾತು ಗಟ್ಟಿಯಾಗಿ ಹೇಳುತ್ತೇನೆ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಹಂದರದ ಕಂಬ ನೆಡಬೇಡಿ. ಬಸವ ಜಯಂತಿ ಬರುವ ಅಕ್ಷಯ ತೃತೀಯೆಯ ದಿನ ಮುಹೂರ್ತ ನೋಡಬೇಕಿಲ್ಲವೆಂದು ಚಿಕ್ಕ ಹುಡುಗಿಯರ ಲಗ್ನ ಮುಗಿಸಿಬಿಡುವವರು ಇದ್ದಾರೆ. ಕರ್ನಾಟಕದಲ್ಲಿ ಈಗ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅದು ಲಗ್ನವೇ ಅಲ್ಲ. ಮಾಡಿಸಿದವರಿಗೆ, ನಡೆಸಿಕೊಟ್ಟವರಿಗೆ, ಕುಮ್ಮಕ್ಕು ಕೊಟ್ಟವರಿಗೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಗೊತ್ತಾದರೆ 1098ಕ್ಕೆ ಫೋನ್ ಮಾಡಿ. ವರೋಪಚಾರ ಎಂದು ಹೆಸರಿಟ್ಟರೂ ವರದಕ್ಷಿಣೆ ವರದಕ್ಷಿಣೆಯೇ, 1961ರಿಂದ ಅದು ಅಪರಾಧ. ಲಗ್ನದ ನಂತರ ನೋಂದಣಿ ಮಾಡಿಸಿ. ನಾಳೆ ಹೆಣ್ಣುಮಗಳು ತನ್ನ ಹಕ್ಕಿಗಾಗಿ ನಿಲ್ಲಬೇಕಾದರೆ ಕೈಯಲ್ಲಿ ಹಿಡಿಯುವ ಕಾಗದ ಅದು.

ಐಹೊಳೆಯವನಾಗಿ ಇನ್ನೊಂದು ಬೇಡಿಕೆ. ದುರ್ಗ ಗುಡಿಯ ಮೊಗಸಾಲೆಯ ಕಂಬಗಳಲ್ಲಿ ಚಾಲುಕ್ಯರ ಶಿಲ್ಪಿಗಳು ಕೆತ್ತಿದ ದಂಪತಿಗಳಿದ್ದಾರೆ. ಲಗ್ನಕ್ಕೆ ಮುಂಚಿನ ಫೋಟೋಗಾಗಿ ಅವರ ಮೇಲೆ ಒರಗಿ ನಿಲ್ಲುವುದು, ಹೊಗೆಯ ಬಾಂಬು ಹಚ್ಚುವುದು, ಕಟ್ಟೆಗಳ ಮೇಲೆ ಹತ್ತುವುದು ಬೇಡ. ರಕ್ಷಿತ ಸ್ಮಾರಕದಲ್ಲಿ ಕೇಂದ್ರದ ಬರಹದ ಅನುಮತಿ ಇಲ್ಲದೆ ಔತಣ, ಸಮಾರಂಭ ನಡೆಸುವಂತಿಲ್ಲ ಎಂದು 1959ರ ನಿಯಮಗಳು ಹೇಳುತ್ತವೆ. ಮದುಮಕ್ಕಳನ್ನು ಕರೆದುಕೊಂಡು ಬನ್ನಿ, ಗುಡಿ ತೋರಿಸಿ, ಮೇಗುತಿ ಗುಡ್ಡ ಹತ್ತಿಸಿ, ಕವಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ ಶಾಸನದ ಮುಂದೆ ನಿಲ್ಲಿಸಿ. ಕೈ ಮಾತ್ರ ಹಚ್ಚಬೇಡಿ.

ಈ ಊರಿಗೆ ಲೆಕ್ಕ ಹೊಸದಲ್ಲ. ಈ ಊರಿನ ಹಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವ್ಯಾಪಾರಿಗಳ ಹೆಸರು ತಮಿಳುನಾಡು, ಶ್ರೀಲಂಕಾ, ಸುಮಾತ್ರಾದ ಕಲ್ಲುಗಳವರೆಗೆ ಹೋಗಿದೆ. ಲಗ್ನಕ್ಕೂ ಅಂಥದೇ ಲೆಕ್ಕ ಇರಲಿ. ನಿಶ್ಚಯದ ದಿನವೇ ಎರಡೂ ಮನೆಯವರು ಒಂದೇ ಜಮಖಾನೆಯ ಮೇಲೆ ಕೂತು ಪಟ್ಟಿ ಬರೆಯಿರಿ. ಬರೆಯುವಾಗ ಹುಡುಗ ಹುಡುಗಿ ಇಬ್ಬರೂ ಪಕ್ಕದಲ್ಲಿರಲಿ, ಅವರಿಗೆ ಬೇಡವೆನಿಸಿದ್ದನ್ನು ಹೊಡೆದು ಹಾಕುವ ಅಧಿಕಾರ ಅವರಿಗಿರಲಿ. ಕೈಯಲ್ಲಿ ಎಷ್ಟಿದೆ ಎಂಬುದನ್ನು ಮೇಲೆ ಮೊದಲು ಬರೆಯಿರಿ, ಖರ್ಚನ್ನು ಅದರ ಕೆಳಗೆ. ಎರಡು ಮನೆ ಅರ್ಧರ್ಧ ಹೊರಲಿ. ಬೀಗರೆದುರು ಇಲ್ಲವೆನ್ನಲು ನಾಚಿಕೆ ಪಡಬೇಡಿ, ಅವರ ಮನೆಯಲ್ಲೂ ಅದೇ ಕಷ್ಟ ಇರುತ್ತದೆ.

ಪಟ್ಟಿ ಬರೆಯಲೆಂದೇ ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದೆ. ನಿಮ್ಮ ಮನೆಯಲ್ಲಿ ಲಗ್ನ ಇಲ್ಲದಿದ್ದರೆ ಲಗ್ನ ಇರುವ ಮನೆಗೆ ಕೊಡಿ.