ಸ್ವರಯಂತ್ರದ ಚೌಕಟ್ಟಿನಲ್ಲಿ ಉಳಿದ ಜಾಗ

ಕಳೆದ ವರ್ಷ ನಮ್ಮ ಕಾಲೇಜಿನ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನು ಕೈಯಲ್ಲಿ ಒಂದು ನಕ್ಷೆಯನ್ನು ಹಿಡಿದು ನನ್ನ ಬಳಿಗೆ ಬಂದನು. ಮಾಡ್ಯುಲರ್ ಸಿಂಥಸೈಜರ್ ಎಂಬ ವಿದ್ಯುತ್ ಸ್ವರಯಂತ್ರವನ್ನು ಬಿಡಿಬಿಡಿಯಾಗಿ ಕೊಂಡು ಕೂಡಿಸುವುದು ಅವನ ಹವ್ಯಾಸ. ಚೌಕಟ್ಟಿನ ಮುಕ್ಕಾಲು ಪಾಲು ಆಗಲೇ ತುಂಬಿತ್ತು. “ಉಳಿದ ಜಾಗಕ್ಕೆ ಇನ್ನೊಂದು ಆಂದೋಲಕ, ಇನ್ನೊಂದು ಶೋಧಕ ಕೊಳ್ಳಲೇ, ಸಾರ್?” ಎಂದು ಕೇಳಿದನು. ಬೇಡವೆಂದೆನು. ಇಂಥ ಘಟಕ ಒಂದೊಂದಕ್ಕೂ ಸಾವಿರಾರು ರೂಪಾಯಿ ಬೆಲೆ. ಒಂದು ತಪ್ಪು ಆಯ್ಕೆಯೆಂದರೆ ವಿದ್ಯಾರ್ಥಿಯ ಎಷ್ಟೋ ತಿಂಗಳ ಉಳಿತಾಯ ವ್ಯರ್ಥವಾದಂತೆ. ಆದುದರಿಂದ ನನ್ನ ಉತ್ತರದ ಕಾರಣವನ್ನು ಇಲ್ಲಿ ವಿವರಿಸಬಯಸುತ್ತೇನೆ.

ಈ ಯಂತ್ರದ ಪರಿಚಯವಿಲ್ಲದ ವಾಚಕರಿಗೆ ಮೊದಲು ಎರಡು ಮಾತು. ನಾದದ ಒಂದೊಂದು ಗುಣವನ್ನೂ ವಿದ್ಯುದ್ವಿಭವದಿಂದ ನಿಯಂತ್ರಿಸುವ ಬಿಡಿ ಘಟಕಗಳನ್ನು ರಾಬರ್ಟ್ ಮೋಗ್ ಅವರು 1964ರಲ್ಲಿ ಅಮೆರಿಕದಲ್ಲಿ ರಚಿಸಿದರು. 1969ರಲ್ಲಿ ಅಂಥ ಒಂದು ಯಂತ್ರವು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತು; ಅದನ್ನು ಅಲ್ಲಿ ನೆಲೆಗೊಳಿಸಿದವರು ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರು. 1990ರ ದಶಕದ ನಡುವಿನಲ್ಲಿ ಜರ್ಮನಿಯ ಡೀಟರ್ ಡೋಪ್‌ಫರ್ ಅವರು ಯೂರೋರ್‍ಯಾಕ್ ಎಂದು ಹೆಸರಾದ ಅಳತೆಯನ್ನು ಬಳಕೆಗೆ ತಂದರು. ಘಟಕದ ಎತ್ತರ 128.5 ಮಿಲಿಮೀಟರ್, ಅಗಲದ ಮಾನ 5.08 ಮಿಲಿಮೀಟರ್, ವಿದ್ಯುತ್ತು ಧನ 12 ಮತ್ತು ಋಣ 12 ವೋಲ್ಟ್. ಈ ಅಳತೆಯನ್ನು ಒಪ್ಪಿದ ಯಾವ ತಯಾರಕರ ಘಟಕವನ್ನಾದರೂ ಒಂದೇ ಚೌಕಟ್ಟಿನಲ್ಲಿ ಕೂರಿಸಬಹುದು. ಆಯ್ಕೆಯ ಸ್ವಾತಂತ್ರ್ಯ ದೊರೆತುದರೊಡನೆ ಆಯ್ಕೆಯ ಕಷ್ಟವೂ ಬಂದಿತು.

ನಮ್ಮ ವಿದ್ಯಾರ್ಥಿಯ ಚೌಕಟ್ಟಿನ ಅಗಲ 84 ಮಾನ. ಉಳಿದುದು 20 ಮಾನ, ಎಂದರೆ ಸುಮಾರು 10 ಸೆಂಟಿಮೀಟರ್. ಅವನಲ್ಲಿ ಅಲೆಯನ್ನು ಹುಟ್ಟಿಸುವ ಆಂದೋಲಕಗಳು ಎರಡು, ಮೇಲ್ಸ್ವರಗಳನ್ನು ಸೋಸುವ ಶೋಧಕ ಒಂದು, ನಾದದ ಏರಿಳಿತದ ಆಕಾರವನ್ನು ಕೊಡುವ ಎನ್ವಲಪ್ ಒಂದು, ಸೆಕೆಂಡಿಗೆ ಐದಾರು ಸಲ ಮಾತ್ರ ತೂಗುವ ಮಂದ ಆಂದೋಲಕ ಒಂದು, ಕೊನೆಯಲ್ಲಿ ಧ್ವನಿಯ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ ವಿಭವನಿಯಂತ್ರಿತ ವರ್ಧಕ ಒಂದು ಇದ್ದುವು. ಮೇಲುನೋಟಕ್ಕೆ ಕೊರತೆಯಿಲ್ಲ. ಆದರೆ ಗಾಯಕನು ಸಹಜವಾಗಿ ಮಾಡುವ ಒಂದು ಕೆಲಸವನ್ನು ಈ ಯಂತ್ರದಿಂದ ಮಾಡಿಸಲು ಯತ್ನಿಸೋಣ: ಸ್ವರವನ್ನು ನೇರವಾಗಿ ಹಿಡಿದು, ಅದು ನಿಂತ ಬಳಿಕ ಮೆಲ್ಲಮೆಲ್ಲನೆ ಕಂಪನವನ್ನು ಬೆರೆಸುವುದು.

ಇಂಥ ಆಂದೋಲಕಗಳಲ್ಲಿ ವಿಭವವು 1 ವೋಲ್ಟ್ ಏರಿದರೆ ಆವರ್ತಸಂಖ್ಯೆಯು ಇಮ್ಮಡಿಯಾಗುತ್ತದೆ, ಸ್ವರವು ಒಂದು ಸ್ಥಾಯಿ ಮೇಲೇರುತ್ತದೆ. ಮಂದ ಆಂದೋಲಕವು ಧನ 5ರಿಂದ ಋಣ 5 ವೋಲ್ಟಿನವರೆಗೆ ತೂಗುತ್ತದೆಂದು ಇಟ್ಟುಕೊಳ್ಳಿ. ಅದನ್ನು ನೇರವಾಗಿ ಜೋಡಿಸಿದರೆ ಆವರ್ತಸಂಖ್ಯೆಯು ಒಮ್ಮೆ 32 ಮಡಿಯಾಗಿ, ಮರುಗಳಿಗೆಯಲ್ಲಿ ಮೂವತ್ತೆರಡರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ಅದು ಕಂಪನವಲ್ಲ, ಊಳು. ನಮಗೆ ಬೇಕಾದುದು ಅತ್ತಿತ್ತ ಅರ್ಧ ಸ್ವರಸ್ಥಾನದಷ್ಟು ಮಾತ್ರ. ಎಂದರೆ 1 ವೋಲ್ಟಿನ ಇಪ್ಪತ್ತನಾಲ್ಕನೆಯ ಒಂದು ಪಾಲು, ಸುಮಾರು 42 ಮಿಲಿವೋಲ್ಟ್. ವಿಭವವನ್ನು 120ರಲ್ಲಿ ಒಂದು ಪಾಲಿಗೆ ಇಳಿಸಬೇಕು. ಇದನ್ನು ಮಾಡುವುದು ಅಟೆನ್ಯುಯೇಟರ್ ಎಂಬ ಸಾಮಾನ್ಯ ಗುಂಡಿ. ಕೆಲವು ಆಂದೋಲಕಗಳಲ್ಲಿ ಅದು ಒಳಗೇ ಸೇರಿರುತ್ತದೆ. ಇಲ್ಲವಾದರೆ ಬೇರೆಯಾಗಿ ಕೊಳ್ಳಬೇಕು.

ಇನ್ನು ಕಂಪನವು ತಡವಾಗಿ, ಕ್ರಮವಾಗಿ ಬರಬೇಕಲ್ಲವೆ? ಅದಕ್ಕೆ ಮಂದ ಆಂದೋಲಕದ ವಿಭವವನ್ನು ಎರಡನೆಯ ವರ್ಧಕವೊಂದರ ಮೂಲಕ ಹಾಯಿಸಿ, ಆ ವರ್ಧಕವನ್ನು ನಿಧಾನವಾಗಿ ಏರುವ ಇನ್ನೊಂದು ಎನ್ವಲಪ್‌ನಿಂದ ತೆರೆಯಬೇಕು. ಇಲ್ಲಿ ವರ್ಧಕವು ನಾದವನ್ನಲ್ಲ, ನಿಯಂತ್ರಣವನ್ನೇ ನಿಯಂತ್ರಿಸುತ್ತಿದೆ. ಹತ್ತು ಆಂದೋಲಕಗಳಿದ್ದರೂ ಈ ವರ್ಧಕವಿಲ್ಲದೆ ಆ ಕೆಲಸ ಸಾಗದು. ಕೊಳ್ಳುವಾಗ ಒಂದು ಎಚ್ಚರಿಕೆ: ಈ ಉಪಯೋಗಕ್ಕೆ ನಿಧಾನವಾದ ಮತ್ತು ಸ್ಥಿರವಾದ ವಿಭವಗಳನ್ನೂ ಹಾಯಗೊಡುವ ವರ್ಧಕವೇ ಆಗಬೇಕು.

ಹೆಚ್ಚು ಆಂದೋಲಕಗಳಿಂದ ನಾದವು ಪುಷ್ಟವಾಗುವುದಿಲ್ಲವೆ ಎಂದು ಕೇಳಬಹುದು. ಆಗುತ್ತದೆ. 220 ಮತ್ತು 221 ಆವರ್ತಸಂಖ್ಯೆಯ ಎರಡು ನಾದಗಳು ಕೂಡಿದರೆ ಸೆಕೆಂಡಿಗೆ ಒಂದು ವಿಸ್ಪಂದ ಹುಟ್ಟಿ ನಾದಕ್ಕೆ ಜೀವ ಬರುತ್ತದೆಂಬುದನ್ನು ನೀವು ತರಗತಿಯಲ್ಲಿಯೇ ಓದಿದ್ದೀರಿ. ಎರಡನೆಯ ಆಂದೋಲಕವು ಸಾರ್ಥಕ. ಆದರೆ ಮೂರನೆಯದರಿಂದ ದೊರೆಯುವ ಲಾಭ ಅದಕ್ಕಿಂತ ಬಹಳ ಕಡಿಮೆ. ಅದೇ ಹಣಕ್ಕೆ ಬರುವ ಜೋಡಿ ವರ್ಧಕವು ಈಗಿರುವ ಪ್ರತಿಯೊಂದು ಘಟಕಕ್ಕೂ ಹೊಸ ಕೆಲಸ ಕೊಡುತ್ತದೆ. ಅಂಗಡಿಯವರ ಚಿತ್ರಗಳಲ್ಲಿ ಮಿನುಗುವುದು ಮಾತ್ರ ಸದಾ ಆಂದೋಲಕವೇ.

ಜಾಗಕ್ಕಿಂತ ಮೊದಲು ಅಳೆಯಬೇಕಾದುದು ವಿದ್ಯುತ್ತು. ಪ್ರತಿಯೊಂದು ಘಟಕವೂ ಎಷ್ಟು ಮಿಲಿಆಂಪಿಯರ್ ಸೆಳೆಯುತ್ತದೆಂಬುದನ್ನು ಧನ, ಋಣ ಎರಡು ಸಾಲುಗಳಲ್ಲಿ ಬೇರೆಬೇರೆಯಾಗಿ ಬರೆದು ಕೂಡಿಸಿರಿ. ಮೊತ್ತವು ವಿದ್ಯುತ್ಪೂರೈಕೆಯ ಶಕ್ತಿಯ ಮುಕ್ಕಾಲು ಪಾಲನ್ನು ಮೀರದಿರುವುದು ಲೇಸು. ಪಟ್ಟಿತಂತಿಯ ಕೆಂಪು ಗೆರೆಯು ಋಣ 12 ವೋಲ್ಟಿನ ಕಡೆಗಿರಬೇಕು. ತಿರುಗಾಮುರುಗಾ ಸಿಕ್ಕಿಸಿದರೆ ಘಟಕವು ಕ್ಷಣದಲ್ಲಿ ಸುಟ್ಟುಹೋಗಬಹುದು.

ನಾನು ಆ ಹುಡುಗನಿಗೆ ಹೇಳಿದ ಲೆಕ್ಕ ಇಷ್ಟೆ: 8 ಮಾನದಲ್ಲಿ ಜೋಡಿ ವರ್ಧಕ, 4 ಮಾನದಲ್ಲಿ ಅಟೆನ್ಯುಯೇಟರ್, 4 ಮಾನದಲ್ಲಿ ಸಣ್ಣದೊಂದು ಎನ್ವಲಪ್. ಉಳಿದ 4 ಮಾನಕ್ಕೆ ಬರಿಯ ತಗಡಿನ ಮುಚ್ಚಳ. ಹಣ ಕೊಡುವ ಮೊದಲು ವಿಸಿವಿ ರ್‍ಯಾಕ್ ಎಂಬ ಗಣಕಯಂತ್ರದ ತಂತ್ರಾಂಶದಲ್ಲಿ ಇದೇ ಜೋಡಣೆಯನ್ನು ಮಾಡಿ ಒಂದು ತಿಂಗಳು ನುಡಿಸಿ ನೋಡೆಂದೂ ತಿಳಿಸಿದೆನು. 2017ರಲ್ಲಿ ಹೊರಬಂದ ಅದರ ಮೂಲ ಆವೃತ್ತಿ ಉಚಿತವಾಗಿಯೇ ದೊರೆಯುತ್ತದೆ.

“ಮುಚ್ಚಳಕ್ಕೂ ದುಡ್ಡು ಕೊಡಬೇಕೆ, ಸಾರ್?” ಎಂದು ಅವನು ನಕ್ಕನು. ತಿಂಗಳಾದ ಮೇಲೆ ಬಂದು ತಂತ್ರಾಂಶದಲ್ಲಿ ಕೂಡಿಸಿದ್ದನ್ನು ಕೇಳಿಸಿದನು. ಸ್ವರವು ನೇರವಾಗಿ ನಿಂತು, ಬಳಿಕ ಮೆಲ್ಲನೆ ಕಂಪಿಸಿತು. ನಕ್ಷೆಯಲ್ಲಿ ಮೂರನೆಯ ಆಂದೋಲಕದ ಮೇಲೆ ಅವನೇ ಗೆರೆ ಎಳೆದಿದ್ದನು. ತಮ್ಮ ಚೌಕಟ್ಟಿನಲ್ಲಿ ಜಾಗ ಉಳಿದಿರುವ ಇತರ ವಿದ್ಯಾರ್ಥಿಗಳೂ ಕೊಳ್ಳುವ ಮೊದಲು ಹೀಗೊಮ್ಮೆ ಲೆಕ್ಕ ಹಾಕಲೆಂಬುದೇ ನನ್ನ ಬಯಕೆ.