ಚಾರ್ಟಿನ ಒಂಟೆ, ಊರಿನ ಕುರಿ

ಯಲಬುರ್ಗಾ ತಾಲ್ಲೂಕಿನ ಶಾಲೆಯೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿ ‘ಪ್ರಾಣಿಗಳ ಹೊಂದಾಣಿಕೆ’ ಪಾಠಕ್ಕೆ ಒಂಟೆ, ಹಿಮಕರಡಿಯ ಚಾರ್ಟು ತೂಗುಹಾಕಿದ್ದರು. ಹುಡುಗನೊಬ್ಬ ಕೇಳಿದ: “ಸರ್, ಮಧ್ಯಾಹ್ನ ನಮ್ಮ ಕುರಿ ಯಾಕ ತೇಕತಾವ್ರಿ?” “ಅದು ಈ ಪಾಠದಲ್ಲಿಲ್ಲ” ಎಂದರು. ಹಿಂದೆ ಕೂತು ಅವಲೋಕಿಸುತ್ತಿದ್ದ ನಾನು ಚಾರ್ಟಿಗೆ ಪೂರ್ತಿ ಅಂಕ ಕೊಟ್ಟೆ. ತಪ್ಪು ನನ್ನದೇ.

ಪಾಠವಿದ್ದದ್ದೇ ಆ ಪ್ರಶ್ನೆಯಲ್ಲಿ. ಕುರಿ ಬೆವರಿಗಿಂತ ಹೆಚ್ಚಾಗಿ ಉಸಿರಿನ ತೇವ ಆರಿಸಿ ಮೈ ತಂಪಿಟ್ಟುಕೊಳ್ಳುತ್ತದೆ. ತಂಪು ಹೊತ್ತಿನಲ್ಲಿ ನಿಮಿಷಕ್ಕೆ 20ರ ಆಸುಪಾಸಿನ ಉಸಿರಾಟ ಬಿಸಿಲಿಗೆ 100 ದಾಟಬಹುದು. ಬೆವರುಗ್ರಂಥಿ ಕಡಿಮೆಯಿರುವ ಎಮ್ಮೆ ಕೆರೆಗಿಳಿಯುತ್ತದೆ. ಮೊದಲನೆಯದು ದೇಹಕ್ರಿಯೆ, ಎರಡನೆಯದು ವರ್ತನೆ. ಕುರಿಯ ಪಕ್ಕೆ ನೋಡಿ ಮಕ್ಕಳೇ ಎಣಿಸಲಿ: ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ನಮ್ಮ ಕಡೆ ಮಾರ್ಚ್ ಬಿಸಿಲೇ ಸಾಕು. ಪಾಠಯೋಜನೆಯಲ್ಲಿ ‘ಕಲಿಕೋಪಕರಣ: ಕುರಿ, ಗಡಿಯಾರ’ ಎಂದು ಬರೆದು ತಂದವರಿಗೆ ನಾನು ಸಹಿ ಹಾಕುತ್ತೇನೆ.