ಗಂಟಿನಲ್ಲಿ ಹಿಡಿಯದ ಸಾಮಾನು

ಮಗಳು ಪರದೇಶಕ್ಕೆ ಹೊರಟಳೆಂದರೆ ಮನೆಯಲ್ಲಿ ಎರಡು ಬಗೆಯ ಸಿದ್ಧತೆಗಳು ನಡೆಯುತ್ತವೆ. ತಂದೆಯದು ಕಾಗದಪತ್ರಗಳ ಸಿದ್ಧತೆ: ಪಾಸ್‌ಪೋರ್ಟು, ವೀಸಾ, ವಿಮೆ, ಬ್ಯಾಂಕಿನ ಲೆಕ್ಕ. ತಾಯಿಯದು ಗಂಟಿನ ಸಿದ್ಧತೆ: ಶೇಂಗಾ ಚಟ್ನಿಪುಡಿ, ಕಟಕು ರೊಟ್ಟಿ, ಒಂದು ಡಬ್ಬಿ ತುಪ್ಪ. ಎರಡೂ ಬೇಕಾದುವೇ. ಆದರೆ ಹೊರಟವಳು ಕೃಷಿ ವಿದ್ಯಾರ್ಥಿನಿಯಾಗಿದ್ದರೆ ಮೂರನೆಯದೊಂದು ಸಿದ್ಧತೆಯುಂಟು. ಅದನ್ನು ಆಕೆಯೇ ಮಾಡಿಕೊಳ್ಳಬೇಕು. ಈ ವಾರ ಅದರ ವಿಚಾರವನ್ನೇ ವಾಚಕರ ಮುಂದಿಡಬೇಕೆಂದಿದ್ದೇನೆ.

ಕಂಪ್ಲಿಯ ಒಕ್ಕಲು ಮನೆತನದವಳಾಗಿ, ಹೊಸಪೇಟೆಯಲ್ಲಿ ಬೆಳೆದು, ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಬೇಸಿಗೆಯ ಎರಡು ತಿಂಗಳು ನೆದರ್‌ಲೆಂಡ್ಸ್ ದೇಶದಲ್ಲಿ, ಅಂದರೆ ನಮ್ಮ ಹಿರಿಯರು ಹಾಲೆಂಡ್ ಎಂದು ಕರೆಯುತ್ತಿದ್ದ ನಾಡಿನಲ್ಲಿ, ಕೃಷಿ ತರಬೇತಿಗೆ ಅವಳಿಗೆ ಅವಕಾಶ ದೊರೆತಿದೆ. ಮನೆಯವರು ಸಾಲ ಮಾಡಿಯಾದರೂ ಕಳುಹಿಸಲು ಮನಸ್ಸು ಮಾಡಿದ್ದಾರೆ.

ಮೊದಲು ತಾಯಿಯ ಗಂಟನ್ನೇ ನೋಡೋಣ. ಚಟ್ನಿಪುಡಿಗೂ ರೊಟ್ಟಿಗೂ ಅಡ್ಡಿಯಿಲ್ಲ. ತುಪ್ಪದ ಡಬ್ಬಿಯನ್ನು ಮಾತ್ರ ಹೊರಗೆ ತೆಗೆದಿಡಬೇಕು. ಹಾಲಿನಿಂದಾದ ಪದಾರ್ಥಗಳನ್ನೂ ಮಾಂಸವನ್ನೂ ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಕ್ಕೆ ಹೊರಗಿನಿಂದ ಒಯ್ಯುವಂತಿಲ್ಲ. ಮಣ್ಣಂತೂ ಕೂಡದು, ಹಸಿ ಕರಿಬೇವು, ಬಿತ್ತನೆಯ ಬೀಜಗಳಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಪ್ರವೇಶವಿಲ್ಲ. ಆದರೆ ಕಂಪ್ಲಿಯ ಬಾಳೆಹಣ್ಣಿಗೆ ತಡೆಯಿಲ್ಲ! ಆ ಪ್ರಮಾಣಪತ್ರ ಬೇಡದ ಐದು ಹಣ್ಣುಗಳಲ್ಲಿ ಬಾಳೆಯೂ ಒಂದು. ಊರಿನ ಗದ್ದೆ ತುಳಿದ ಬೂಟುಗಳನ್ನು ತೊಳೆದು ಒಣಗಿಸಿಯೇ ಒಯ್ಯಬೇಕು. ಕಾಲುಬಾಯಿ ಜ್ವರದಂಥ ರೋಗಗಳು ಮಣ್ಣು ಮೆತ್ತಿದ ಬೂಟಿನೊಡನೆಯೂ ಪಯಣಿಸಬಲ್ಲವು.

ಇನ್ನೊಂದು ಮಾತು. ಅವರ ಬೇಸಿಗೆ ನಮ್ಮ ಬೇಸಿಗೆಯಲ್ಲ. ಅಲ್ಲಿ ಜೂನಿನಿಂದ ಆಗಸ್ಟ್‌ವರೆಗೆ ಬೇಸಿಗೆ. ಜೂನ್ ತಿಂಗಳಲ್ಲಿ ಹೊತ್ತು ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಅದೇ ವೇಳೆಗೆ ಇಲ್ಲಿ ಮುಂಗಾರು, ಭತ್ತದ ಸಸಿಮಡಿ, ನಾಟಿ. ಆಕೆ ಅಲ್ಲಿ ಕಲಿಯುತ್ತಿರುವಾಗ ಇಲ್ಲಿಯ ಹಂಗಾಮು ಅವಳ ಕಣ್ಣು ತಪ್ಪಿಸಿ ಸಾಗಿಹೋಗುತ್ತದೆ. ಆದುದರಿಂದ ತಮ್ಮನಿಗೋ ಚಿಕ್ಕಪ್ಪನಿಗೋ ಒಂದು ನೋಟ್‌ಬುಕ್ಕು ಕೊಟ್ಟು, ನೀರು ಬಿಟ್ಟ ದಿನ, ನಾಟಿಯ ದಿನ, ಹಾಕಿದ ಗೊಬ್ಬರ, ಎಲ್ಲವನ್ನೂ ಬರೆದಿಡುವಂತೆ ಹೇಳಿ ಹೋಗುವುದು ಲೇಸು.

ಇನ್ನು ಮೂರನೆಯ ಸಿದ್ಧತೆ. ಪರದೇಶಕ್ಕೆ ಹೋಗುವ ವಿದ್ಯಾರ್ಥಿ ತನ್ನ ಹೊಲದ ಒಂದು ಪ್ರಶ್ನೆಯನ್ನು ಜೊತೆಗೆ ಒಯ್ಯಬೇಕು. ಅದಿಲ್ಲದೆ ಹೋದವರು ಗಾಜಿನ ಮನೆಗಳನ್ನೂ ಹಾಲು ಕರೆಯುವ ಯಂತ್ರಗಳನ್ನೂ ಕಂಡು ಬೆರಗಾಗಿ, ಭಾವಚಿತ್ರಗಳನ್ನು ತೆಗೆದುಕೊಂಡು ಹಿಂದಿರುಗುತ್ತಾರೆ.

ಕಂಪ್ಲಿಯ ಹುಡುಗಿಗೆ ಪ್ರಶ್ನೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಗಳಲ್ಲಿ ನೀರು ಹರಿಯಿತು. ಯೋಜನೆಯವರು ಬಹುಪಾಲು ನೆಲಕ್ಕೆ ಗೊತ್ತುಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು. ಕಣ್ಣೆದುರು ನೀರು ಹರಿಯುವಾಗ ಭತ್ತದ ಆಸೆಯನ್ನು ಬಿಡುವವರು ಯಾರು? ಕಪ್ಪು ಮಣ್ಣಿನಲ್ಲಿ ವರ್ಷವರ್ಷವೂ ನೀರು ನಿಂತಿತು; ನೆಲದೊಳಗಿನ ನೀರಿನ ಮಟ್ಟ ಮೇಲೇರಿತು; ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಾತ್ರ ಮೇಲೆ ಉಳಿಯಿತು. ಇದೇ ಸವಳು. ಅತ್ತ ಕಾಲುವೆಯ ಕೊನೆ ಭಾಗದ ರೈತರಿಗೆ ನೀರೇ ಮುಟ್ಟದು. ಜಲಾಶಯದಲ್ಲೋ ಹೂಳು ತುಂಬಿ, ಮೊದಲು 133 ಟಿಎಂಸಿ ಇದ್ದ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದನ್ನು ಈ ಸೀಮೆಯವರು ಮರೆಯಲಾರರು. ಒಂದೆಡೆ ನೀರು ಹೆಚ್ಚಾಗಿ ಕೆಟ್ಟ ಹೊಲ, ಇನ್ನೊಂದೆಡೆ ನೀರಿಲ್ಲದೆ ಒಣಗಿದ ಹೊಲ. ಇದಕ್ಕೇನು ಮಾಡಬೇಕು?

ಈ ಪ್ರಶ್ನೆಯನ್ನು ಕೇಳಲು ಹಾಲೆಂಡ್ ತಕ್ಕ ಸ್ಥಳ. ಆ ದೇಶದ ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನೀರು ತರುವುದಕ್ಕಿಂತ ನೀರು ಹೊರಹಾಕುವುದೇ ಅವರ ತಲೆತಲಾಂತರದ ವಿದ್ಯೆ. ಹೊಲದ ಅಡಿಯಲ್ಲಿ ತೂತುಗಳುಳ್ಳ ಕೊಳವೆಗಳನ್ನು ಹೂತು ಬಸಿನೀರನ್ನು ಸಾಗಿಸುತ್ತಾರೆ. 1990ರ ದಶಕದಲ್ಲಿ ಭಾರತ ಮತ್ತು ಡಚ್ಚರ ಸಹಕಾರದ ಯೋಜನೆಯೊಂದರಲ್ಲಿ ಈ ವಿಧಾನವನ್ನು ನಮ್ಮ ದೇಶದ ಸವಳು ನೆಲಗಳಲ್ಲಿಯೂ ಪ್ರಯೋಗಿಸಲಾಗಿತ್ತು. ಆದರೆ ಆಕೆ ಕೊಳವೆಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಅಲ್ಲಿಯ ನೀರಿನ ಮಂಡಲಿಗಳನ್ನು. 13ನೆಯ ಶತಮಾನದಿಂದ ನಡೆದುಬಂದ ಈ ಮಂಡಲಿಗಳು ಚುನಾವಣೆಯಿಂದ ರಚಿತವಾಗಿ, ತಾವೇ ತೆರಿಗೆ ಎತ್ತಿ, ಏರಿ ಕಾಲುವೆಗಳನ್ನು ಕಾಯುತ್ತವೆ. ಒಬ್ಬನ ಹೊಲದ ಬಸಿನೀರು ಇನ್ನೊಬ್ಬನ ಹೊಲಕ್ಕೆ ಹರಿಯದಂತೆ ಊರೆಲ್ಲ ಒಪ್ಪಿ ನಡೆದುಕೊಳ್ಳುವುದು ಹೇಗೆ? ಕೊಳವೆಯನ್ನು ಹಣ ಕೊಟ್ಟು ಕೊಳ್ಳಬಹುದು, ಈ ಒಪ್ಪಂದವನ್ನು ಕೊಳ್ಳಲಾಗದು.

ಪ್ರಶ್ನೆ ಕೇಳುವವಳಿಗೆ ತನ್ನೂರಿನ ತಿಳಿವಳಿಕೆಯೂ ಇರಬೇಕಷ್ಟೆ. ಹೊರಡುವ ಮುನ್ನ ಒಂದು ದಿನ ಹೊಳೆ ದಾಟಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ, ಅಲ್ಲಿ ಸವಳು ನೆಲದ ಮೇಲೆ ನಡೆದಿರುವ ಕೆಲಸವನ್ನು ನೋಡಿಬರಲಿ. ಹಂಪಿಗೆ ಹೋದರೆ ಗುಡಿಗಳ ಜೊತೆಗೆ ತುರ್ತಾ ಕಾಲುವೆಯನ್ನೂ ನೋಡಲಿ. ವಿಜಯನಗರದ ಅರಸರ ಕಾಲದ ಆ ನೀರು ಇಂದಿಗೂ ಬಾಳೆಯ ತೋಟಗಳನ್ನು ತೊಯ್ಯಿಸುತ್ತಿದೆ. ಸಂಡೂರಿನ ಬೆಟ್ಟದ ಮಗ್ಗುಲಲ್ಲಿ ಮಳೆಯನ್ನೇ ನಂಬಿದ ಹೊಲಗಳುಂಟು. ಗಣಿಯ ಕೆಂಪು ಧೂಳು ಬೆಳೆಯ ಎಲೆಗೆ ಏನು ಮಾಡುತ್ತದೆಂಬುದನ್ನು ಅಲ್ಲಿಯ ರೈತರ ಬಾಯಿಂದಲೇ ಕೇಳಲಿ. ಲೆಕ್ಕವೂ ಬಾಯಿಗೆ ಬರಬೇಕು. ಎಕರೆಗೆ 40 ಚೀಲ ಭತ್ತವೆಂದರೆ ಅಲ್ಲಿಯವರಿಗೆ ಅರ್ಥವಾಗದು. ಚೀಲಕ್ಕೆ 75 ಕಿಲೋದಂತೆ 3,000 ಕಿಲೋ, ಹೆಕ್ಟೇರಿಗೆ ಸುಮಾರು 7.4 ಟನ್ ಎಂದರೆ ಅವರೂ ತಲೆದೂಗಿಯಾರು.

ಪರದೇಶದವರ ನೆರವು ಪಡೆಯುವುದು ಹೊಸಪೇಟೆಗೆ ಹೊಸತೇನೂ ಅಲ್ಲ. ಕೃಷ್ಣದೇವರಾಯನು ಇಲ್ಲಿ ನಾಗಲಾಪುರವನ್ನು ಕಟ್ಟಿಸಿ ದೊಡ್ಡ ಕೆರೆಯನ್ನು ತೋಡಿಸಿದಾಗ, ಪೋರ್ಚುಗೀಸ್ ಕುಶಲಿಯೊಬ್ಬನ ನೆರವು ಪಡೆದನೆಂದು ನೂನಿಜ್ ಬರೆದಿಟ್ಟಿದ್ದಾನೆ. ಆ ಅರಸನಿಗೆ ತನ್ನ ಕೆರೆ ಎಲ್ಲಿರಬೇಕು, ಏಕೆ ಬೇಕು ಎಂಬುದು ಗೊತ್ತಿತ್ತು. ತಿಳಿಯಬೇಕಾದದ್ದನ್ನು ಹೊರಗಿನವನಲ್ಲಿ ಕೇಳಿದನು.

ತಂದೆತಾಯಿಗಳಿಗೂ ಒಂದು ವಿನಂತಿ. ಮಗಳು ಹಿಂದಿರುಗಿದಾಗ, "ಅಲ್ಲಿ ಕೆಲಸ ಸಿಗುವುದೇ?" ಎಂಬುದೇ ನಿಮ್ಮ ಮೊದಲ ಮಾತಾಗದಿರಲಿ. ಸಾಲದ ಚಿಂತೆ ಸಣ್ಣದಲ್ಲ, ನಿಜ. ಆದರೂ ಒಂದು ಸಂಜೆಯ ಮಟ್ಟಿಗೆ ಅದನ್ನು ಬದಿಗಿಟ್ಟು ಅವಳನ್ನು ಸವಳು ಹತ್ತಿದ ಆ ಗದ್ದೆಯ ಬದುವಿಗೆ ಕರೆದೊಯ್ಯಿರಿ. ಬಸಿಗಾಲುವೆಯನ್ನು ಎಲ್ಲಿ ತೆಗೆಯಬೇಕು, ಅದಕ್ಕಾಗಿ ನೆರೆಯ ಹೊಲದವರೊಡನೆ ಏನು ಮಾತಾಡಬೇಕು ಎಂದು ಕೇಳಿರಿ. ಮಗಳು ಹೇಳುವುದನ್ನು ಚಿಕ್ಕಪ್ಪನೂ ನಿಂತು ಕೇಳಲಿ.